ಎರವಲು ಹೋದ ಬಾರ್‌ಕೋಡು

ಸುರೇಶ,

ಪ್ರೀತಿಯ ತಮ್ಮನಿಗೆ ಅಂತ ಶುರು ಮಾಡೋಣವೆಂದು ಪೆನ್ನು ಹಿಡಿದೆ, ಬರೆಯಲಾಗಲಿಲ್ಲ. ಇದು ಎಡಗೈ ಬರಹ. ಬಲಗೈಯ ಎರಡು ಬೆರಳಿಗೆ ಕಂಬಿ ಹಾಕಿದ್ದಾರೆ, ಕಿರುಬೆರಳನ್ನು ಡಾಕ್ಟರಿಗೆ ಉಳಿಸಲಾಗಲಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಅದು ನಿನ್ನ ಕೈಗುಣ.

ನಾನು ಕೋಲಾರದ ಆಸ್ಪತ್ರೆಯಲ್ಲಿ, ನೀನು ಅದೇ ಊರಿನ ಜೈಲಿನಲ್ಲಿ. ಅಮ್ಮ ಇಬ್ಬರಿಗೂ ಒಂದೇ ಚೀಲದಲ್ಲಿ ಮುದ್ದೆ, ಸಾರು ಹೊತ್ತುಕೊಂಡು ಶ್ರೀನಿವಾಸಪುರದ ಬಸ್ಸಿಳಿಯುತ್ತಾಳೆ. ಮೊದಲು ನನ್ನ ಹತ್ತಿರ ಬರುತ್ತಾಳೆ, ಆಮೇಲೆ ನಿನ್ನ ಹತ್ತಿರ. ಆಪರೇಷನ್ ಮುಗಿಯಲಿ ಅಂತ ಕಾಯುತ್ತಿದ್ದ ಇನ್ಸ್‌ಪೆಕ್ಟರು ನಾಳೆ ಬಂದು ನನ್ನ ಹೇಳಿಕೆ ಬರೆದುಕೊಳ್ಳುತ್ತಾರೆ. ಅಮ್ಮನದು ಒಂದೇ ಮಾತು. "ತೂಕದ ಕಲ್ಲು ಜಾರಿ ಬಿತ್ತು ಅಂದುಬಿಡೇ, ಸಾಕು."

ಜಾರಿ ಬಿತ್ತಂತೆ! ಕಣ್ಣು ಮುಚ್ಚಿದರೆ ಸಾಕು, ಎಲ್ಲ ಕಾಣುತ್ತದೆ. ಅದು ಅಪ್ಪನ ಮಾವಿನಹಣ್ಣಿನ ಮಂಡಿಯ ಐದು ಕೆಜಿ ಕಬ್ಬಿಣದ ಕಲ್ಲು. ನಿನಗೆ ಹೆಣ್ಣು ಕೊಟ್ಟ ಮಾವ ಗಂಗುಲಪ್ಪನ ಶೆಡ್ಡಿನಲ್ಲಿ, ಕೂಲಿಯವರೆಲ್ಲ ನೋಡುತ್ತಿರುವಾಗ, ನೀನು ನನ್ನ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದೆ. "ಲೇಬಲ್ ಬಿಡ್ತೀಯೋ ಇಲ್ವೋ?" ಅಂದೆ. ನಾನು ಬಿಡಲಿಲ್ಲ, ನೀನು ಹೊಡೆದೆ. ಮಾವಿನಕಾಯಿಯನ್ನು ವಾಟೆ ಸಮೇತ ಸೀಳುವಾಗ ಬರುತ್ತದಲ್ಲ, ಅದೇ ಸದ್ದು. ಆಗಲೂ ನಾನು ಮುಷ್ಟಿ ಬಿಚ್ಚಲಿಲ್ಲ. ಮತ್ತೆ ಹೊಡೆದೆ. ಲೇಬಲ್ಲಿನ ಸುರುಳಿ ರಕ್ತದಲ್ಲಿ ನೆನೆದು ಬೆರಳಿಗೆ ಅಂಟಿಕೊಂಡಿತ್ತು, ಆಸ್ಪತ್ರೆಯಲ್ಲಿ ನರ್ಸು ನೀರು ಹಾಕಿ ಬಿಡಿಸಿದಳು.

ನಾನೇನು ಕೈ ಕಟ್ಟಿ ಕೂತಿರಲಿಲ್ಲ. ಎಡಗೈಗೆ ಸಿಕ್ಕ ಬಾಟಲಿಯಲ್ಲಿ ನಿನ್ನ ಹುಬ್ಬು ಸೀಳಿದೆ. ಮೊಣಕೈ ಕಚ್ಚಿ ಹಿಡಿದೆ, ನಿನ್ನ ರಕ್ತ ನನ್ನ ಬಾಯಲ್ಲಿತ್ತು. ಆ ಕಲ್ಲು ನನ್ನ ಕೈಗೆ ಸಿಕ್ಕಿದ್ದರೆ ನಿನ್ನ ತಲೆ ಉಳಿಯುತ್ತಿರಲಿಲ್ಲ. ನಾಳೆ ಇನ್ಸ್‌ಪೆಕ್ಟರಿಗೆ ಇದನ್ನೂ ಹೇಳುತ್ತೇನೆ. ನಾನು ಸಾಧು, ನೀನು ರಾಕ್ಷಸ ಅಂತ ಕಥೆ ಕಟ್ಟುವವಳಲ್ಲ ನಾನು.

ಸಣ್ಣವರಿದ್ದಾಗ ಅಪ್ಪ ನಮ್ಮಿಬ್ಬರನ್ನೂ ಮಂಡಿಯಲ್ಲಿ ಕೂರಿಸಿಕೊಂಡು ಟವೆಲ್ ವ್ಯಾಪಾರ ಕಲಿಸುತ್ತಿದ್ದದ್ದು ನೆನಪಿದೆಯಾ? ಟವೆಲ್ಲಿನ ಕೆಳಗೆ ಕೈಗೆ ಕೈ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ಸುತ್ತ ನಿಂತವರಿಗೆ ರೇಟು ಗೊತ್ತಾಗಬಾರದು. ಒಪ್ಪಿಗೆಯಿಲ್ಲದಿದ್ದರೆ ಜಗಳವಿಲ್ಲ, ಮಾತಿಲ್ಲ, ಕೈ ಎಳೆದುಕೊಂಡರೆ ಮುಗಿಯಿತು. ನಿನಗಿಂತ ಬೇಗ ನಾನು ಕಲಿತೆ. "ನರಸಿಂಹಪ್ಪನ ಮಗಳ ಕೈ ಮಾತಾಡ್ತದೆ ಕಣ್ರೋ" ಅಂತ ಮಂಡಿಯವರು ನಗುತ್ತಿದ್ದರು. ಆ ಕೈಯನ್ನೇ ನೀನು ಜಜ್ಜಿದ್ದು.

ನಮ್ಮ ಕ್ರೇಟುಗಳ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸುತ್ತು, ಅದರೊಳಗೆ 'ನ' ಅಂತ ಅಪ್ಪನ ಮಾರ್ಕು ಇರುತ್ತಿತ್ತು. ಆ ಮಾರ್ಕು ನೋಡಿದರೆ ಹೊರಗಿನ ವ್ಯಾಪಾರಿಗಳು ಕ್ರೇಟು ಬಿಚ್ಚಿಸುತ್ತಿರಲಿಲ್ಲ. ನೆಂಟರು ಬಂದು "ಈ ಸಲ ನಮ್ಮ ಲೋಡಿಗೂ ನಿಮ್ಮ ಮಾರ್ಕು ಕೊಡಪ್ಪಾ" ಅಂತ ಕೇಳುವುದು, ಅಪ್ಪ ಕೊಡುವುದು, ಎಲ್ಲ ಮಂಡಿಯಲ್ಲೂ ನಡೆಯುತ್ತಿದ್ದದ್ದೇ. ನೀನು ಅಷ್ಟನ್ನು ಮಾತ್ರ ನೋಡಿ ಬೆಳೆದೆ.

ಅಪ್ಪ ಹೋದ ಮೇಲೆ ಮಂಡಿ ಮುಚ್ಚಿತು. ತಕ್ಕಡಿ, ಕಲ್ಲು ಎಲ್ಲ ನೀನು ನಿನ್ನ ಮಾವನ ಶೆಡ್ಡಿಗೆ ಹೊತ್ತೆ. ನಾನು ಹಿತ್ತಲಲ್ಲಿ ಉಪ್ಪಿನಕಾಯಿ ಹಾಕಿದೆ, ಹಣ್ಣಿನ ರಸ ಹರಡಿ ತಾಂಡ್ರ ಒಣಗಿಸಿದೆ. ಆನ್‌ಲೈನಿನಲ್ಲಿ ಮಾರೋಣ ಅಂದರೆ ಬಾರ್‌ಕೋಡು ಬೇಕು ಅಂದರು. ಮಾಲೂರಿನ ಒಂದು ಅಂಗಡಿಯವನು "ಯಾವುದೋ ಹಳೇದೊಂದು ಹಾಕ್ಕೊಡ್ತೀನಿ ಬಿಡಕ್ಕ, ಗೆರೆ ಅಲ್ವಾ, ಯಾರು ನೋಡ್ತಾರೆ" ಅಂದ. ನಾನು ಒಪ್ಪಲಿಲ್ಲ. ಜಿಎಸ್‌ಟಿ, ಪಾನ್ ಕಾರ್ಡು, ಬ್ಯಾಂಕಿನ ಚೆಕ್ಕು ಎಲ್ಲ ಹಿಡಿದುಕೊಂಡು ಕೋಲಾರದ ಸೈಬರ್ ಸೆಂಟರಿಗೆ ಅಲೆದು, ಅರ್ಜಿ ಎರಡು ಸಲ ವಾಪಸು ಬಂದರೂ ಬಿಡದೆ ನನ್ನ ಹೆಸರಿನಲ್ಲೇ ನಂಬರ್ ತಗೊಂಡೆ. ಅರ್ಧ ಕೆಜಿ ಬಾಟಲಿಗೊಂದು, ಕಾಲು ಕೆಜಿಗೊಂದು, ತಾಂಡ್ರಕ್ಕೆ ಮತ್ತೊಂದು. ಮೊದಲ ಬಾಟಲಿಯನ್ನು ಸ್ಕ್ಯಾನ್ ಮಾಡಿದಾಗ ಮೊಬೈಲಿನಲ್ಲಿ 'ರಜನಿ, ಶ್ರೀನಿವಾಸಪುರ' ಅಂತ ಬಂತು. ಅಷ್ಟು ವರ್ಷ ನರಸಿಂಹಪ್ಪನ ಮಗಳು, ಸುರೇಶನ ಅಕ್ಕ ಆಗಿದ್ದವಳು ಅವತ್ತು ಬಾಟಲಿ ಎದೆಗೊತ್ತಿಕೊಂಡು ಅತ್ತೆ. ನೀನು ಅಲ್ಲೇ ಇದ್ದೆ. "ಅಕ್ಕನಿಗೆ ಹುಚ್ಚು" ಅಂತ ನಕ್ಕಿದ್ದೆ.

ಆಮೇಲೆ ನೀನು ಅದೇ ನಂಬರನ್ನು ನಿನ್ನ ಮಾವನಿಗೆ ಕೊಟ್ಟುಬಂದೆ. ಅವನ ಉಪ್ಪಿನಕಾಯಿ ಬಾಟಲಿಗಳ ಮೇಲೂ ಅದೇ ಗೆರೆ. ಆನ್‌ಲೈನ್ ಅಂಗಡಿಗೆ ಆ ನಂಬರ್ ಕೊಟ್ಟರೆ ನನ್ನ ಫೋಟೋ ಇರುವ ನನ್ನ ಪುಟಕ್ಕೇ ಅವನ ಸರಕೂ ಬಂದು ಸೇರಿಕೊಳ್ಳುತ್ತದೆ. ನನ್ನ ಹೆಸರು ನಂಬಿ ದುಡ್ಡು ಕೊಟ್ಟವರಿಗೆ ಬೂಷ್ಟು ಹಿಡಿದ ಕಾಯಿ, ಕಮಟು ಎಣ್ಣೆ. ಒಬ್ಬ ಹೆಂಗಸು ಬರೆದಿದ್ದಳು, ವಯಸ್ಸಾದ ಮಾವನಿಗೆ ವಾಂತಿಯಾಗಿ ಡ್ರಿಪ್ಸು ಹಾಕಿಸಿದೆವು, ನಿಮಗೆ ಮನೆಯಲ್ಲಿ ಹಿರಿಯರಿಲ್ಲವಾ ಅಂತ. ಅದನ್ನು ಓದಿದವಳಿಗೆ ಅನ್ನ ಇಳಿಯಲಿಲ್ಲ. ಅವತ್ತೇ ಆನ್‌ಲೈನ್ ಅಂಗಡಿಯವರು ನನ್ನ ಪುಟ ಮುಚ್ಚಿದರು.

ನಿನ್ನನ್ನು ಕೇಳಿದಾಗ ಏನಂದೆ? "ನಂಬರ್ ಏನು ಸವೀತದಾ ಅಕ್ಕಾ? ಅಪ್ಪ ಮಾರ್ಕು ಕೊಡ್ತಿರ್ಲಿಲ್ವಾ? ನಮ್ಮೋರಿಗೇ ಕೊಟ್ಟಿದ್ದು, ಏನೀಗ?" ನಿನಗದು ನಿಜವಾಗಿಯೂ ತಪ್ಪು ಅನ್ನಿಸಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಅಪ್ಪ ಮಾರ್ಕು ಕೊಡುವ ಮುಂಚೆ ನೆಂಟರ ಕ್ರೇಟನ್ನು ತಳದವರೆಗೂ ಕೈಹಾಕಿ ಕೆದಕುತ್ತಿದ್ದ. ಒಂದು ಹಣ್ಣು ಮೆತ್ತಗಿದ್ದರೂ ಅಷ್ಟನ್ನೂ ನೆಲಕ್ಕೆ ಸುರಿಯುತ್ತಿದ್ದ. ಸ್ವಂತ ಷಡ್ಡಕನ ಲೋಡನ್ನೇ ಹಾಗೆ ಸುರಿಸಿ ಮಾತು ಬಿಟ್ಟವನು ನಮ್ಮಪ್ಪ. ನೀನು ನಿನ್ನ ಮಾವನ ಒಂದು ಬಾಟಲಿಯ ಮುಚ್ಚಳವನ್ನಾದರೂ ತೆಗೆದು ಮೂಸಿದ್ದೆಯಾ?

ಅದಕ್ಕೇ ನಾನು ಮುಳಬಾಗಿಲು ರಸ್ತೆಯ ಆ ಶೆಡ್ಡಿಗೆ ಹಾರೆ ಹಿಡಿದು ಹೋದೆ. ಸಾಲುಸಾಲಾಗಿ ಒಡೆದೆ. ಎಣ್ಣೆ, ಗಾಜು, ಕಾರದ ನಡುವೆ ಕಾಲು ಜಾರಿ ಬಿದ್ದೆ, ಎದ್ದು ಮತ್ತೆ ಒಡೆದೆ. ಅವನ ಮೇಜಿನ ಮೇಲಿದ್ದ ನನ್ನ ನಂಬರಿನ ಲೇಬಲ್ ಸುರುಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ನಿನ್ನ ಮಾವ ಓಡಿಹೋಗಿ ಮೂಟೆಗಳ ಹಿಂದೆ ಅಡಗಿ ನಿನಗೆ ಫೋನ್ ಮಾಡಿದ. ನೀನು ಬಂದೆ. "ನಮ್ಮ ಮಾವನ ಮುಂದೆ ನನ್ನ ಮರ್ಯಾದೆ ತೆಗೀತೀಯೇನೇ" ಅಂದೆ. ನಿನ್ನ ಮರ್ಯಾದೆ ಮಾವನ ಶೆಡ್ಡಿನಲ್ಲಿತ್ತು, ನನ್ನದು ಆ ಲೇಬಲ್ಲಿನಲ್ಲಿತ್ತು. ಮುಂದಿನದು ಇಬ್ಬರಿಗೂ ಗೊತ್ತು.

ಇವತ್ತು ಮಧ್ಯಾಹ್ನ ಅಮ್ಮ ಬಂದಳು. ಮುದ್ದೆ ಮುರಿದು ಬಾಯಿಗಿಟ್ಟಳು. ಪಕ್ಕದ ಹಾಸಿಗೆಯವರು ನೋಡುತ್ತಿದ್ದರು. ಕೈ ತೊಳೆದು ಬಂದು ಹಾಸಿಗೆಯ ಅಂಚಿನಲ್ಲಿ ಕೂತು, ನನ್ನ ಎಡಗೈಯ ಮೇಲೆ ಸೆರಗು ಹರಡಿದಳು. ಯಾಕೆಂದು ತಿಳಿಯುವಷ್ಟರಲ್ಲಿ ಸೆರಗಿನ ಕೆಳಗೆ ಅವಳ ಕೈ ಬಂತು. ಮಂಡಿಯ ಒಳಗೆ ಕಾಲಿಡದ ನಮ್ಮಮ್ಮ ದೊಡ್ಡಗಂಗಮ್ಮ, ಗಂಡ ಮಕ್ಕಳಿಗೆ ಕಲಿಸುವುದನ್ನು ಬಾಗಿಲಲ್ಲಿ ನಿಂತು ಎಷ್ಟು ದಿನ ನೋಡಿದ್ದಳೋ. ನನ್ನ ತೋರುಬೆರಳೊಂದನ್ನೇ ಗಟ್ಟಿಯಾಗಿ ಹಿಡಿದಳು. ಒಂದು.

"ಒಕ್ಕಡೇ ಕಣೇ," ಅಂದಳು. ಒಬ್ಬನೇ ಮಗ.

ಅವಳ ಕೈ ಬಿಸಿಯಾಗಿತ್ತು ಸುರೇಶ. ನಿನ್ನ ಎರಡು ಏಟಿಗೂ ಬಾಯಿ ಬಿಡದವಳು ಅಲ್ಲಿ ಜೋರಾಗಿ ಅತ್ತುಬಿಟ್ಟೆ. ಹಾಗೆ ಅಳುತ್ತಲೇ ಕೈ ಎಳೆದುಕೊಂಡೆ.

ಅಮ್ಮ ಸೆರಗು ಕೊಡವಿ ಹೊದ್ದುಕೊಂಡು ಚೀಲ ಎತ್ತಿಕೊಂಡಳು. ಮಂಡಿಯವನ ಹೆಂಡತಿ ಅಲ್ಲವಾ, ಮತ್ತೆ ಕೇಳಲಿಲ್ಲ. ಈಗ ಹೊರಗೆ ಬೆಂಚಿನ ಮೇಲೆ ಕೂತು ಈ ಕಾಗದಕ್ಕಾಗಿ ಕಾಯುತ್ತಿದ್ದಾಳೆ. ರಾಜಿ ಪತ್ರ ಅಂದುಕೊಂಡಿದ್ದಾಳೋ ಏನೋ, ಅವಳಿಗೆ ಓದಲು ಬರುವುದಿಲ್ಲ. ನೀನೇ ಓದಿ ಹೇಳು, ಒಂದಕ್ಷರ ಬಿಡದೆ ಹೇಳು. ನಾಳೆ ನಾನೂ ಹಾಗೆಯೇ ಹೇಳುತ್ತೇನೆ, ಎಲ್ಲರಿಗೂ ಕೇಳುವ ಹಾಗೆ.

ನಿನ್ನ ಹುಬ್ಬಿನ ಗಾಯ ಬೇಗ ಮಾಯಲಿ. ಒಳಗೆ ಯಾರೂ ನಿನ್ನ ಮೇಲೆ ಕೈ ಎತ್ತದಿರಲಿ. ಹೊರಗೆ ಬಂದ ದಿನ ಅಮ್ಮನ ಕೈತುತ್ತು ಸಿಗಲಿ, ಅವಳು ಅಷ್ಟು ದಿನ ಗಟ್ಟಿಯಾಗಿರಲಿ. ನನ್ನ ಬಾಗಿಲಿಗೆ ಮಾತ್ರ ಬರಬೇಡ.

ಎಡಗೈಯಲ್ಲಿ ಹೆಸರು ಬರೆಯುವುದು ಕಲಿತಿರುವ,
ರಜನಿ