ಕೋಡಿಯ ಮೇಲಿನ ಸಾಲು

ಅವ್ವಾ,

ಮೊನ್ನೆ ಹಾಸನದ ಕಾಲೇಜಿನಲ್ಲಿ ಹಿಸ್ಟರಿ ಲೆಕ್ಚರರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನೈಲ್ ನದಿ ಉಕ್ಕಿದರೆ ಅಲ್ಲಿಯ ಜನಕ್ಕೆ ಹಬ್ಬವಂತೆ. ನನಗೆ ನಮ್ಮ ಕೆರೆ ನೆನಪಾಯಿತು. ಕೆರೆ ತುಂಬಿ ಕೋಡಿ ಹರಿದರೆ ನಮಗೂ ಹಬ್ಬವೇ ತಾನೇ? ಇನ್ನಷ್ಟು ನೀರು ನಿಲ್ಲಲೆಂದು ನಮ್ಮೂರವರು ಕೋಡಿಯ ಮೇಲೆ ಒಂದು ಸಾಲು ಕಲ್ಲು ಏರಿಸಿದ್ದರು. ಆ ನೀರು ಹಿಂದಕ್ಕೆ ಒತ್ತಿ ಮೇಲೂರಿನ ಹೊಲಗಳನ್ನು ಮುಳುಗಿಸುತ್ತಿತ್ತು. ಮೇಲೂರು ನಿನ್ನ ತವರು. ಇಂಥ ಫ್ಲಡ್ಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ...

ನಾನು ಚಿಕ್ಕವನಿದ್ದಾಗ ಹಾಗೆ ಕೆರೆ ತುಂಬಿದ ದಿನ ನೀನು ಗಂಗೆಗೆ ಬಾಗಿನ ಹಿಡಿದು ಏರಿಯ ಮೇಲೆ ನಿಂತಿದ್ದೆ. ನಿನ್ನ ತಮ್ಮ, ನನ್ನ ಮಾವ, ಹಾರೆ ಗುದ್ದಲಿಯ ಗುಂಪು ಕಟ್ಟಿಕೊಂಡು ಬಂದ.

"ಏರಿ ಒಡೀರ್ಲಾ! ನಮ್ ರಾಗಿ ಕೊಳೀತಾ ಅದೆ, ಇವ್ರಿಗೆ ಅಬ್ಬ!"

ದೊಣ್ಣೆಗಳು ಬಿದ್ದವು. ಯಾರದೋ ಮೊಣಕೈ ಕಬ್ಬಿನ ಜಲ್ಲೆಯಂತೆ ಲಟಕ್ಕೆಂದಿತು. ಅಪ್ಪ ಬಾಯಲ್ಲಿ ರಕ್ತ ಕಾರುತ್ತ ಕುಸಿದ. ಮಾವ ಹಾರೆ ಎತ್ತಿದ.

"ಬ್ಯಾಡ ಕಣೋ! ಏರಿ ಒಡುದ್ರೆ ಕೆಳಗೆ ನನ್ ಮನೆ ಅದೆ!" ಎಂದು ಕೂಗಿದೆ ನೀನು.

"ಅಕ್ಕಾ, ಯಾವ್ದು ನಿನ್ ಮನೆ? ಉಟ್ಟಿದ್ದೆಲ್ಲಿ?"

ನೀನು ಬಾಗಿನ ಬಿಸಾಡಿ ಕಲ್ಲೆತ್ತಿದೆ. ಒಡಹುಟ್ಟಿದವನ ಹಣೆಗೇ ಬೀಸಿದೆಯಲ್ಲ, ಹೇಗೆ ಮನಸ್ಸು ಬಂತವ್ವಾ?

ಹಣೆ ಒಡೆದ ಅವನನ್ನು ಅವರೂರವರು ಹೊತ್ತೊಯ್ದರು, ಏರಿ ಉಳಿಯಿತು. ಆಮೇಲೆ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. "ಸಾಯ್ಲಿಲ್ವಲ್ಲ, ಅಷ್ಟು ಸಾಕು" ಅನ್ನುತ್ತಿದ್ದೆ ನೀನು. ಆದರೂ ಹಬ್ಬದ ದಿನವೆಲ್ಲ ಬಾಗಿಲಲ್ಲೇ ಕೂರುತ್ತಿದ್ದೆ. ಜ್ವರ ಬಂದು ನೀನು ಹೋದಾಗ ಅವನು ಮಣ್ಣಿಗೂ ಬರಲಿಲ್ಲ.

ಈ ದಸರಾ ರಜೆಗೆ ಹೋದಾಗ ಕೆರೆ ಮತ್ತೆ ತುಂಬಿತ್ತು. ಚಿಕ್ಕಪ್ಪ ನನ್ನ ಕೈಗೂ ದೊಣ್ಣೆ ತುರುಕಿದ. "ಏನ್ಲಾ ಕಾಲೇಜ್ ಸಾಯೇಬ, ಇಡಿಯಕ್ಕೆ ಬತ್ತದಾ, ಪೆನ್ನೇ ಸಾಕಾ?" ಎದುರಿಗೆ ಮೇಲೂರಿನವರು ಬಂದರು. ಮಾವ ನನ್ನ ಮುಂದೆ ನಿಂತು, ರುಮಾಲು ತೆಗೆದು, ಹಣೆಯ ಕಲೆ ತೋರಿಸಿದ.

"ಬಿಡ್ಲಾ ಏಟು. ಜಾಗ ನಿಮ್ಮವ್ವ ಗುರ್ತು ಮಾಡವ್ಳೆ."

ನಾನು ದೊಣ್ಣೆ ಎಸೆದು ಕೋಡಿಗೆ ಇಳಿದು, ಏರಿಸಿದ ಸಾಲಿನ ಕಲ್ಲನ್ನು ಬರಿಗೈಯಲ್ಲಿ ಕೀಳತೊಡಗಿದೆ. ಅಲ್ಲಾಡಲಿಲ್ಲ. ಮಾವ ಹಾರೆ ಹಿಡಿದು ಇಳಿದ. ಮೊದಲ ಕಲ್ಲು ಉರುಳಿದ್ದೇ ತಡ, ನಮ್ಮವರೇ ನಮ್ಮ ಮೇಲೆ ಬಿದ್ದರು. ನನ್ನ ಎಡಗೈ ಮುರಿಯಿತು. ಮಾವ ನನ್ನ ಮೇಲೆ ಬೋರಲು ಬಿದ್ದು ಏಟು ತಿಂದ. "ಅಕ್ಕನ್ ಮಗ ಕಣ್ರೋ! ಸತ್ತೋಯ್ತಾನೆ!" ಅಷ್ಟರಲ್ಲಿ ನೀರಿನ ರಭಸಕ್ಕೆ ಉಳಿದ ಕಲ್ಲುಗಳೂ ಕಿತ್ತುಹೋದವು.

ಚನ್ನರಾಯಪಟ್ಟಣದ ಆಸ್ಪತ್ರೆಗೆ ಅವನೇ ಹೊತ್ತುಕೊಂಡು ಹೋದ. ಮೇಲೂರಿನ ಹೊಲಗಳು ನೀರಿನಿಂದ ಎದ್ದಿವೆ. ಏರಿಯೂ ನಿಂತಿದೆ, ನಿನ್ನ ಮನೆಯೂ. ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದಾನೆ.

ಬೇಸಿಗೆಯಲ್ಲಿ ನಮ್ಮೂರವರು ಕಲ್ಲು ಮತ್ತೆ ಕೂರಿಸುತ್ತಾರಂತೆ. ನನಗೆ ಭಯವಾಗುತ್ತದೆ ಅವ್ವಾ, ತುಂಬಾ. ಆದರೂ ಹೋಗುತ್ತೇನೆ. ನಿನ್ನ ತಮ್ಮನ ಪಕ್ಕದಲ್ಲಿ ನಿಲ್ಲುತ್ತೇನೆ.