ಸಿಂಕಿನ ಪಾತ್ರೆ ಮುಟ್ಟಬೇಡಿ

ನಿರುಪಮ್ ಬಾಬು,

ರಕ್ತ ಕೊಟ್ಟು ಹಾಗೆಯೇ ಶಾಲೆಗೆ ಹೋಗುತ್ತೇನೆ. ಟ್ರಾಮ್ ಹತ್ತಿ ಹಿಂದೆಯೇ ಬರಬೇಡಿ. ಹೋದ ಸಲ ಲ್ಯಾಬಿನವನನ್ನು "ಏನಪ್ಪಾ, ನಿನ್ ಮಿಷನ್ನು ನೆಟ್ಟಗಿದೆ ತಾನೇ?" ಅಂತ ಪೀಡಿಸಿದ್ದು ಸಾಕು.

ಗಡಿಯಾಹಾಟ್ ಮಾರ್ಕೆಟ್ಟಿನಿಂದ ರುಯಿ ಮೀನು ತನ್ನಿ. ಮೀನಿನ ಕಣ್ಣು ನೋಡಿ ತನ್ನಿ, ಮಾರುವವನ ಬಾಯಿ ನೋಡಿಯಲ್ಲ.

ಸಂಜೆ ನಿಮ್ಮ ಫೋನಿಗೆ ಸಿಎ-೧೨೫ ರಿಪೋರ್ಟು ಬರುತ್ತದೆ. ನಿಮ್ಮ ತಮ್ಮನೂ ಸಿಎ, ಆದರೆ ಅವನು ಬಂದರೆ ಎದೆ ಇಷ್ಟು ಹೊಡೆದುಕೊಳ್ಳುವುದಿಲ್ಲ. ಅಂಡಾಶಯ ತೆಗೆಸಿ, ಕೀಮೋ ಮುಗಿಸಿಯೂ ಈ ಒಂದು ಪ್ರೋಟೀನಿನ ಕೈಯಲ್ಲಿ ನಮ್ಮ ಜುಟ್ಟು! ಏರುತ್ತಲೇ ಹೋದರೆ ರೋಗ ಮರಳಿತೆಂಬ ಗುಮಾನಿ. ಡಾಕ್ಟರ್ ಸಾನ್ಯಾಲರು ಮೂಗಿನಲ್ಲೇ ರಾಗ ಎಳೆದದ್ದು ನೆನಪಿದೆಯಲ್ಲ: "ಒಂದ್ಸಲದ್ದು ನೋಡಿ ಅಳ್ಬೇಡೀಮ್ಮಾ, ಮುಂದಿನ್ದೂ ನೋಡೋಣಾಂ..."

ಹೋದ ಸಲ ಅದು ಏರಿದ್ದನ್ನು ನೀವು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮದುವೆಯಾದಂದಿನಿಂದ ಒಂದು ಲೋಟ ತೊಳೆಯದವರು ಅಂದು ಬಾಣಲೆಯನ್ನೂ ಫಳಫಳ ಉಜ್ಜಿಟ್ಟಿದ್ದಿರಿ. ಅದನ್ನು ಕಂಡೇ ನನಗೆ ರಿಪೋರ್ಟು ಗೊತ್ತಾಯಿತು.

ಇವತ್ತು ಏನೇ ಬರಲಿ, ಪಾತ್ರೆ ಸಿಂಕಿನಲ್ಲೇ ಇರಲಿ. ಬಂದವಳೇ ಮೊದಲು ನಿಮ್ಮನ್ನು ಚೆನ್ನಾಗಿ ಬೈಯಬೇಕು. ಆಮೇಲೆ ಕೂತು ಇಬ್ಬರೂ ಓದೋಣ.

ಕಾಜರಿ