ಅಜ್ಜಿ ಆಟದ ಬ್ಯಾಟರಿ

ಅಪ್ಪಾ,

ಊಟದ ಮೇಜಿನ ಮೇಲೆ ಬಿಚ್ಚಿಟ್ಟಿರೋದು ಅಜ್ಜಿ ಕೈಯಲ್ಲಿ ಹಿಡಿದು ಆಡ್ತಿದ್ದ ವಿಡಿಯೋ ಗೇಮಿನ ಕ್ಯಾಸೆಟ್ಟು. ಒಳಗಿನ ಬಿಲ್ಲೆ ಬ್ಯಾಟರಿ ನೋಡಿದ ಕೂಡಲೇ ನಿನ್ನ ಕೈ ತುರಿಸುತ್ತೆ, ಗೊತ್ತು. ನೀನು ಊರಿಗೆಲ್ಲ ವಾಚ್ ರಿಪೇರಿ ಮಾಡೋನೇ ಇರಬಹುದು. ನಿಂತ ವಾಚಿಗೆ ಮತ್ತೆ ಟೈಮ್ ಇಟ್ಟರಾಯ್ತು. ಇದರ ಬ್ಯಾಟರಿ ಕಿತ್ತರೆ ಅಜ್ಜಿ ಆಡಿ ಉಳಿಸಿಟ್ಟ ಆಟವೇ ಅಳಿಸಿಹೋಗುತ್ತೆ. ಹೋದ ವರ್ಷ ಸರ್ವೀಸ್ ಮಾಡ್ತೀನಂತ ನನ್ನ ಆಟಕ್ಕೆ ಎಳ್ಳುನೀರು ಬಿಟ್ಟೆಯಲ್ಲ, ಅಷ್ಟು ಸಾಕು.

ಸಂಜೆ ಬಂದು ಆಟವನ್ನ ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡು, ಆಮೇಲೆ ನಾನೇ ಹೊಸ ಬ್ಯಾಟರಿಗೆ ಬೆಸುಗೆ ಹಾಕ್ತೀನಿ. ತಿಂಡಿ ಮುಚ್ಚಿಟ್ಟಿದೀನಿ, ಕೈ ತುರಿಸಿದರೆ ಅದಕ್ಕೆ ಹಾಕು.

ಅಜ್ಜಿ ತನ್ನ ಆಟದ ವೀರನಿಗೆ ‘ಪುಟ್ಟ’ ಅಂತಲೇ ಹೆಸರಿಟ್ಟಿದ್ದು. ನಿನ್ನನ್ನ ಹಾಗೆ ಕರೆಯೋರು ಇನ್ಯಾರೂ ಉಳಿದಿಲ್ಲ.

ಚಿಮುಟ ಕೆಳಗಿಡು.